ತಿರುವಿನಲ್ಲಿ ಕಾಲು ತೆಗೆಯಬಾರದು

ಹಿಂದುಗಡೆ ಎಂಜಿನ್ ಇದ್ದ ಆ ಹಳೆಯ ಕಾರನ್ನು ಮಾರಿ ಇಪ್ಪತ್ತು ವರ್ಷವಾದರೂ ಡ್ರೈವಿಂಗ್ ಮೇಷ್ಟ್ರ ಬಾಯಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಮೂತಿ ಹಗುರವೆಂದು ಮುಂದಿನ ಡಿಕ್ಕಿಯಲ್ಲಿ ಮರಳಿನ ಮೂಟೆ ಇಡಬೇಕಾಗಿದ್ದುದನ್ನು, ಗಾಳಿ ಬೀಸಿದರೆ ಅದು ಪಕ್ಕಕ್ಕೆ ವಾಲುತ್ತಿದ್ದುದನ್ನು ಮುದ್ದಿನ ಮಗಳ ತುಂಟತನದಂತೆ ಬಣ್ಣಿಸುತ್ತಾರೆ. "ತಿರುವಲ್ಲಿ ಹೆದರಿ ಆಕ್ಸಿಲರೇಟರಿಂದ ಕಾಲು ತೆಗೀಬಾರ್ದು, ತೆಗೆದ್ರೆ ಗಾಡಿ ಗಿರಕಿ ಹೊಡೆದು ಹಿಂದಿಂದು ಮುಂದಕ್ಕೆ ಬಂದುಬಿಡುತ್ತೆ" ಎಂಬ ಪಾಠವನ್ನು ಹಾಲಿನವನಿಗೂ ಹೇಳದೆ ಬಿಟ್ಟವರಲ್ಲ. ಮದುವೆಗೆ ಹಿಂದೇಟು ಹಾಕುತ್ತಿದ್ದ ಸೋದರಳಿಯನಿಗೂ ಅದನ್ನೇ ಹೇಳಿದರು. "ನೀವು ಯಾವತ್ತಾದ್ರೂ ತೆಗೆದಿದ್ರಾ ಮಾವ?" ಎಂದು ಅವನು ಕೇಳಿದಾಗ ಮಾತ್ರ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಒಳಗಿನಿಂದ ಕುಂಟುತ್ತ ಬಂದ ಹೆಂಡತಿ ಕಾಫಿ ಲೋಟ ಇಟ್ಟು, "ಒಂದೇ ಸಲ ಕಣೋ. ಪಕ್ಕದಲ್ಲಿ ಕೂತು ನಿಧಾನ ಅಂತ ಕಿರುಚಿದ್ದು ನಾನೇ" ಎಂದರು.