ಸಾಹೇಬರ ಕೈಯಿಂದ ಚೀಟಿ ಎತ್ತಿಸಿದ್ದು

ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ನಮ್ಮ ಹೊಲವಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಕಡೆಗೆ ಉಪಕಾಲುವೆ ತರುವ ಮುಂಚೆ ಒಬ್ಬ ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು ಚಾವಡಿಯಲ್ಲಿ ರೈತರನ್ನು ಸೇರಿಸಿದರು. ಮೈಸೂರು ಕಡೆಯ ಮಾತಿನವರು. ಸಾಲಿಗೆ ಹೋಗುವ ಹುಡುಗಿ ನಾನು, ಅಪ್ಪನ ಪಕ್ಕದಲ್ಲಿ ಕೂತಿದ್ದೆ.

ಅಪ್ಪ ಎದ್ದು ನಿಂತು ಕೇಳಿದ: "ಸಾಹೇಬ್ರ, ನಮ್ದು ಕರಿ ಮಣ್ಣಿನ ಎರಿ ಹೊಲ, ತಗ್ಗಿನ್ಯಾಗ ಐತ್ರಿ. ಮ್ಯಾಲಿನ ಗದ್ದಿ ನೀರೆಲ್ಲಾ ನೆಲದಾಗ ಇಳದು ನಮ್ಮ ಹೊಲದಾಗ ಎದ್ರ ಏನು ಮಾಡೂದ್ರಿ?"

"ನೀರು ಒಂದಾಳು ಕೆಳಗೇ ಇರುತ್ತೆ. ಲೆಕ್ಕ ಹಾಕಿದ್ದೇವೆ."

"ಹೆಚ್ಚುಕಡಿಮಿ ಆಗೂದಿಲ್ಲೇನ್ರಿ?"

"ಹೆಚ್ಚುಕಡಿಮೆ ಆಗೋದು ನಿಮ್ಮ ಸಂತೆ ತಕ್ಕಡೀಲಿ. ಇದು ವಿಜ್ಞಾನ. ಕೂತ್ಕೊ."

ಚಾವಡಿಯೆಲ್ಲ ನಕ್ಕಿತು. ಅಪ್ಪನೂ ನಕ್ಕಂತೆ ಮಾಡಿ ಕೂತ. ಅವನ ಕಿವಿ ಕೆಂಪಾಗಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕಂಡಿತು.

ಮೊದಲು ಭತ್ತ ಛಲೋ ಬಂತು. ಆಮೇಲೆ ಒಂದು ಬೇಸಗೆ ಹೊಲದ ಮೂಲೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಪು ಕಾಣಿಸಿತು. ನೀರು ನೆಲದೊಳಗಿಂದ ಏರಿ, ಉಪ್ಪನ್ನೂ ಜೊತೆಗೆ ಎತ್ತಿ ತಂದಿತ್ತು. ಬರಬರುತ್ತ ಹೊಲವೆಲ್ಲ ಸವಳಾಯಿತು, ನಾಟಿ ಮಾಡಿದ ಸಸಿ ತುದಿಯಿಂದ ಸುಟ್ಟುಕೊಂಡು ಬಂತು. ಅಪ್ಪ ಆಫೀಸಿಗೆ ಹೋಗಿ ಅದೇ ಸಾಹೇಬರ ಮುಂದೆ ಕೈಮುಗಿದ. "ನೀವೇ ಬೇಕಾಬಿಟ್ಟಿ ನೀರು ಬಿಟ್ಕೊಂಡಿದ್ದೀರಿ, ನಮ್ಮ ಲೆಕ್ಕ ಸರಿಯಾಗಿದೆ," ಎಂದು ಅವರು ಹೊರಗೆ ಕಳಿಸಿದರು. ಸ್ವಂತ ಗದ್ದೆ ಇದ್ದವನು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಬೇರೆಯವರ ಭತ್ತದ ಚೀಲ ಹೊರತೊಡಗಿದ. ಆಮೇಲೆ ಅಪ್ಪ ಯಾವ ಸಭೆಯಲ್ಲೂ ಎದ್ದು ನಿಂತು ಮಾತಾಡಲಿಲ್ಲ.

ಅವ್ವ ಮಾತ್ರ ಬಿಡಲಿಲ್ಲ. ಮುಂಜಾನೆ ಒಲೆಗೆ ಉರಿ ಹಚ್ಚುವಾಗ ಒಮ್ಮೆ ಸಾಹೇಬರಿಗೆ ಶಾಪ ಹಾಕಿಯೇ ಚಹಾ ಇಡುತ್ತಿದ್ದಳು. ಕುಷ್ಟಗಿಯ ಅತ್ತೆಯ ಮನೆಗೆ ನನ್ನನ್ನು ಓದಲು ಕಳಿಸುವಾಗ ಗಲ್ಲ ಹಿಡಿದು ಹೇಳಿದಳು: "ಅಂವನ ಇದ್ಯಾನ ಕಲಿಯವ್ವಾ. ಕಲ್ತು ಅಂವನ ಮುಂದ ನಿಲ್ಲು."

ಕಲಿತೆ. ಡಿಪ್ಲೊಮಾ ಮುಗಿಸಿ ಕೊಪ್ಪಳದ ಒಂದು ಕಚೇರಿಯಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದೆ. ನೆಲ ಎಷ್ಟು ಬೇಗ ನೀರು ಇಂಗಿಸಿಕೊಳ್ಳುತ್ತದೆ ಎಂದು ಗುಂಡಿ ತೋಡಿ ಅಳೆಯುವುದು. ಯಲಬುರ್ಗಾದ ಒಂದೇ ಹೊಲದಲ್ಲಿ ಈ ಬದುವಿಗೊಂದು, ಆ ಬದುವಿಗೊಂದು ಉತ್ತರ ಬಂತು. ನಾನೇ ತಪ್ಪಿದೆನೆಂದು ಮತ್ತೆ ಅಳೆದೆ. ಮತ್ತೂ ಹಾಗೇ. ನನ್ನ ಮೇಲಧಿಕಾರಿ ಒಳ್ಳೆಯ ಮನುಷ್ಯ, ಅವರು ನಕ್ಕು, "ತಪ್ಪಲ್ಲವ್ವಾ, ನೆಲಾನ ಹಂಗೈತಿ. ಒಂದು ಉತ್ತರ ಹುಡುಕಬ್ಯಾಡ. ಬಂದದ್ದೆಲ್ಲಾ ಇಟ್ಕೊಂಡು ಲೆಕ್ಕಾ ಹಾಕಿ ನೋಡು, ಉತ್ತರ ಎಲ್ಲಿಂದ ಎಲ್ಲಿತನಕ ಹೋಗ್ತೈತಿ ಅಂತ," ಎಂದರು. ಅಳೆದ ಒಂದೊಂದು ಅಂಕಿಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ನೋಡದೆ ಎತ್ತಿ ಎತ್ತಿ ಲೆಕ್ಕ ಮಾಡುವ ಪದ್ಧತಿಯನ್ನು ಅವರೇ ಹೇಳಿಕೊಟ್ಟರು. ಅಪ್ಪ ಚಾವಡಿಯಲ್ಲಿ ಕೇಳಿದ ‘ಹೆಚ್ಚುಕಡಿಮಿ’ಯ ಪ್ರಶ್ನೆಗೆ ಒಂದು ಶಾಸ್ತ್ರವೇ ಇದೆಯೆಂದು ಆ ದಿನ ತಿಳಿಯಿತು. ನನಗೆ ಕುಣಿಯುವಷ್ಟು ಖುಷಿಯಾಯಿತು, ಜ್ಞಾನದ ಖುಷಿಯಲ್ಲ.

ಎಂಬತ್ತರ ದಶಕದ ನಡುವೆ ಅದೇ ಕಾಲುವೆಯನ್ನು ಮುಂದಿನ ಊರುಗಳಿಗೆ ಒಯ್ಯುವ ಮಾತು ಬಂತು. ಸಾಹೇಬರು ಈಗ ದೊಡ್ಡ ಹುದ್ದೆಯಲ್ಲಿದ್ದರು. ಗಂಗಾವತಿಯಲ್ಲಿ ರೈತರ ಸಭೆ. ಆ ಊರುಗಳ ಮಣ್ಣನ್ನು ಅಳೆದವಳು ನಾನು. "ಮೊದಲು ಅವರಿಗೊಬ್ಬರಿಗೇ ಕೋಣ್ಯಾಗ ತೋರ್ಸೂಣು," ಎಂದರು ಮೇಲಧಿಕಾರಿ. "ಬ್ಯಾಡ್ರಿ ಸರ್. ಮಂದಿ ಮುಂದನ ಆಗಲಿ," ಎಂದೆ. ಅವರು ನನ್ನ ಮುಖ ನೋಡಿ ಒಪ್ಪಿಕೊಂಡರು.

ಸಭೆಯಲ್ಲಿ ಸಾಹೇಬರು ಹಳೇ ರಾಗವನ್ನೇ ಎಳೆದರು: "ಅದೇ ಮಣ್ಣು, ಅದೇ ಲೆಕ್ಕ. ನೀರು ಒಂದಾಳು ಕೆಳಗೇ ಇರುತ್ತೆ."

ನಾನು ಎದ್ದು ಮೂರು ಸ್ಟೀಲ್ ಚರಗಿಗಳನ್ನು ಮೇಜಿನ ಮೇಲಿಟ್ಟೆ. ಒಂದರಲ್ಲಿ ನಾವು ಅಳೆದ ಇಂಗುವ ವೇಗದ ಚೀಟಿಗಳು. ಇನ್ನೊಂದರಲ್ಲಿ ರೈತರು ಗದ್ದೆಗೆ ಬಿಡುವ ನೀರು, ಮತ್ತೊಂದರಲ್ಲಿ ಕೆಳಗಿನ ಬಂಡೆ ಎಷ್ಟು ಆಳದಲ್ಲಿದೆ ಎಂಬುದು. "ಸೂತ್ರ ನಿಮ್ದೇ ಸರ್. ಚೀಟಿನೂ ನೀವೇ ಎತ್ರಿ. ನಾ ಬರೇ ಗುಣಿಸಿ ಹೇಳ್ತೀನಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾಗಲಿಲ್ಲ. ಪ್ರತಿ ಚರಗಿಯಿಂದ ಒಂದೊಂದು ಚೀಟಿ ಎತ್ತಿದರು. ಬೋರ್ಡಿನ ಮೇಲೆ ಬರೆದೆ: ಒಂದಾಳು ಕೆಳಗೆ. ಸಾಹೇಬರು ನಕ್ಕರು. "ಇನ್ನೊಮ್ಮಿ ಸರ್." ಮೊಣಕಾಲುದ್ದ ಕೆಳಗೆ. "ಇನ್ನೊಮ್ಮಿ." ನೆಲದ ಮೇಲೇ ನೀರು. ಮುಂದೆ ಕೂತ ರೈತರು ಎದ್ದು ಮೇಜಿನ ಸುತ್ತ ಬಂದರು. "ಎತ್ರಿ ಸಾಹೇಬ್ರ, ಎತ್ರಿ!" ಎಂದು ಅವರೇ ಕೂಗತೊಡಗಿದರು. ಬೋರ್ಡು ತುಂಬುತ್ತ ಬಂತು. ಮೊದಲ ಸಲದಂಥ ಉತ್ತರ ಅಪರೂಪ. ಬೇರುಗಳನ್ನು ಮುಳುಗಿಸುವಂಥದೇ ಹೆಚ್ಚು. ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಅವರ ಕೈಯಿಂದ ಒಂದು ಚೀಟಿ ಜಾರಿ ಕೆಳಗೆ ಬಿತ್ತು. ಬಗ್ಗಿ ತೆಗೆಯುವವರೆಗೂ ಕಾದೆ.

"ಇದೇನು ಲಾಟರಿಯೇನಮ್ಮಾ? ಇಷ್ಟರಲ್ಲಿ ಯಾವುದು ನಿಜ?" ಎಂದು ರೇಗಿದರು.

"ಗೊತ್ತಿಲ್ರಿ ಸರ್. ಗೊತ್ತಿಲ್ಲ ಅಂತ ನೀವು ನಮ್ಮೂರ ಚಾವಡ್ಯಾಗ ಹೇಳಬೇಕಿತ್ತು," ಎಂದೆ. ಊರಿನ ಹೆಸರು ಹೇಳಿದೆ. ಅಪ್ಪನ ಹೆಸರನ್ನೂ ಹೇಳಿದೆ. ಅವರಿಗೆ ನೆನಪಾಗಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನಷ್ಟು ಕೆದಕಿತು.

ತಗ್ಗಿನ ಹೊಲಗಳಿಗೆ ಮೊದಲು ಹೆಚ್ಚಿನ ನೀರು ಹರಿದುಹೋಗಲು ಬಸಿಗಾಲುವೆ ತೋಡಬೇಕು, ಆಮೇಲೆಯೇ ನೀರು ಎಂದು ರೈತರು ಹಟ ಹಿಡಿದರು. ಹಾಗೇ ತೀರ್ಮಾನವಾಯಿತು. ಸಾಹೇಬರು ಚಹಾ ಕುಡಿಯದೆ ಹೊರಟರು. ಜೀಪಿನ ಹತ್ತಿರ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ, "ಇದನ್ನ ನನಗೆ ಒಳಗೇ ಹೇಳಬಹುದಿತ್ತಲ್ಲಮ್ಮಾ," ಎಂದರು.

"ಹೌದ್ರಿ ಸರ್, ಹೇಳಬಹುದಿತ್ತು," ಎಂದೆ. ಅಷ್ಟೇ ಹೇಳಿ ತಿರುಗಿ ನಡೆದೆ.

ಮರುದಿನ ತಾವರಗೇರಾದ ಬಸ್ ಹತ್ತಿದೆ. ಅಪ್ಪ ಇನ್ನೂ ಗಿರಣಿಯಲ್ಲೇ ಇದ್ದ; ಸವಳು ಹೊಲ ಬಿಟ್ಟು ಅವ್ವ ತನ್ನ ತವರಿನ ಆ ಊರಿಗೆ ಬಂದು ಜೋಳದ ಹೊಲದಲ್ಲಿ ದುಡಿಯುತ್ತಿದ್ದಳು. ಬಸಿಗಾಲುವೆಯ ಮಾತು ಅವಳಿಗೆ ಬೇಕಿರಲಿಲ್ಲ. "ಅದಿರಲಿ, ಅಂವನ ಮಾರಿ ಹೆಂಗಾಗಿತ್ತು ಹೇಳು," ಎಂದಳು. ಹೇಳಿದೆ. ಚೀಟಿ ಬಿದ್ದದ್ದನ್ನೂ ಬಗ್ಗಿದ್ದನ್ನೂ ಮತ್ತೆ ಮತ್ತೆ ಹೇಳಿಸಿಕೊಂಡಳು. "ನಾ ಇದ್ದಿದ್ರ ಹೊತ್ತು ಮುಣುಗೂತನ ಎತ್ತಸ್ತಿದ್ದೆ," ಎಂದು ರೊಟ್ಟಿ ಬಡಿಯಲು ಕೂತಳು. ಆ ದಿನದಷ್ಟು ಜೋರಾಗಿ ಅವಳು ರೊಟ್ಟಿ ಬಡಿದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.