ಉಡಿ ತುಂಬಿದ ಮರುದಿನ

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ. ಇಂಡಿ ಊರ ಹೊರಗಿನ ಆ ತಗಡಿನ ಶೆಡ್ಡಿನಲ್ಲಿ ನನ್ನ ಜೊತೆ ಲಿಂಬೆಕಾಯಿ ಆರಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅದೇ ಶೆಡ್ಡಿನಲ್ಲಿ ನಾನು ಹೆಣ್ಣಾಳುಗಳ ಮುಕಾದಮಳಾಗಿ ನಿಂತ ಮೊದಲ ದಿನ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ ಅಂದರೆ ಈಗಿನ ಹುಡುಗಿಯರು ನಂಬುವುದಿಲ್ಲ.

ಸುತ್ತಲಿನ ತೋಟಗಳಿಂದ ಬಂದ ಕಾಯಿ ತಾಡಪತ್ರಿಯ ಮೇಲೆ ಗುಡ್ಡೆ ಬೀಳುತ್ತಿತ್ತು. ನಾವು ಇಪ್ಪತ್ತು ಜನ ಹೆಣ್ಣುಮಕ್ಕಳು ಸುತ್ತ ಕೂತು ದೊಡ್ಡದು, ನಡುವಿನದು, ಸಣ್ಣದು, ಹಣ್ಣಾದದ್ದು, ಚುಕ್ಕೆ ಬಿದ್ದದ್ದು ಅಂತ ಬೇರೆ ಬೇರೆ ಬುಟ್ಟಿಗೆ ಹಾಕಬೇಕು. ತಾಂಬಾದಿಂದಲೂ ಅಗರಖೇಡದಿಂದಲೂ ಟಂಟಂ ಆಟೋ ತುಂಬ ಮಂದಿ ಬರುತ್ತಿದ್ದರು. ಬೆರಳಿನ ಸೀಳಿಗೆ ರಸ ತಾಗಿದರೆ ಜೀವ ಹೋಗುವಷ್ಟು ಉರಿ. ಮನೆಗೆ ಹೋಗಿ ಎಷ್ಟು ಕೈ ತೊಳೆದರೂ ಬಡಿದ ರೊಟ್ಟಿಗೆಲ್ಲ ಅದೇ ವಾಸನೆ. ನನ್ನ ಮಗಳು ಸಣ್ಣಾಕಿ ಇದ್ದಾಗ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ‘ಅವ್ವ ಬಂದ್ಲು’ ಅನ್ನುತ್ತಿದ್ದಳು. ಈಗಲೂ ಲಿಂಬೆ ಹೋಳು ಮಾಡಿದರೆ ನನಗೆ ಮೊದಲು ನೆನಪಾಗುವುದು ಆಕೆಯ ಆ ದನಿ.

ಮೊದಲು ಅಲ್ಲಿ ಕೆಲಸ ಹಂಚುವ ಮುಕಾದಮ ಒಬ್ಬ ಗಂಡಸು. ಒಂದು ಬೇಸಿಗೆ ಆತ ಸ್ವಂತ ವ್ಯಾಪಾರ ಮಾಡುತ್ತೇನೆಂದು ಹೊರಟುಹೋದ. ಶೆಡ್ಡಿನ ಸಾವಕಾರರು ಬಂದು ಸುತ್ತ ನೋಡಿದರು. ಚೀಲದ ಮೇಲೆ ಊರಿನ ಹೆಸರು ಬರೆಯಲು ಬರುತ್ತಿದ್ದುದು ನನಗೊಬ್ಬಳಿಗೇ. ಮಸೂತಿ ಅನ್ನುವ ಊರಿನ ನನ್ನ ತವರಿನಲ್ಲಿ ಅಪ್ಪ ಹಟ ಹಿಡಿದು ಹತ್ತನೆಯ ತರಗತಿಯವರೆಗೆ ಓದಿಸಿದ್ದ. ‘ನಾಳಿಂದ ಇವರನ್ನೆಲ್ಲ ನೀನ ನೋಡ್ಕೋಬೇಕವಾ’ ಅಂದರು ಸಾವಕಾರರು. ಅಷ್ಟೇ. ಹಾರ ಇಲ್ಲ, ತುರಾಯಿ ಇಲ್ಲ, ಕೇಳುವ ಮಾತಂತೂ ಇಲ್ಲವೇ ಇಲ್ಲ.

ಆಗ ನನಗೆ ಮೂವತ್ತರ ಮೇಲೆ ಒಂದೆರಡು ವರ್ಷ. ನಾನು ಆ ಸೀಮೆಯ ಸೊಸೆ. ಅಲ್ಲಿ ಕೂತವರಲ್ಲಿ ಅರ್ಧ ಮಂದಿ ನನಗೆ ಒಂದಲ್ಲ ಒಂದು ಸಂಬಂಧದಲ್ಲಿ ಅತ್ತೆ ಆಗಬೇಕು. ಅವರೆದುರು ತಲೆಯ ಮೇಲಿನ ಸೆರಗು ಜಾರಿಸದೆ ಬದುಕಿದವಳು ನಾನು. ಅತ್ತೆಯಾಗುವವರಿಗೆ ‘ನಿಮ್ಮ ಕೆಲಸ ಸರಿ ಇಲ್ಲ’ ಅನ್ನುವುದು ಹೇಗೆ? ಅದಕ್ಕೆ ನಾನೊಂದು ದಾರಿ ಕಂಡುಕೊಂಡೆ. ಮನುಷ್ಯರಿಗೆ ಹೇಳದೆ ಬುಟ್ಟಿಗೆ ಹೇಳುವುದು. ಬುಟ್ಟಿಯ ಮುಂದೆ ನಿಂತು, ‘ಈ ಸಣ್ಣ ಕಾಯಿ ದೊಡ್ಡ ಕಾಯ್ಯಾಗ ಯಾಕ ಬಂದು ಕುಂತಾವೋ ಏನೋ’ ಅನ್ನುತ್ತಿದ್ದೆ. ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಅತ್ತೆಯರು ಕೂಡ ನನ್ನ ಕಡೆ ನೋಡದೆ ಬುಟ್ಟಿಗೇ ಉತ್ತರ ಕೊಡುತ್ತಿದ್ದರು. ಒಂದು ಇಡೀ ತಿಂಗಳು ಆ ಶೆಡ್ಡಿನ ಆಡಳಿತವೆಲ್ಲ ಬುಟ್ಟಿಯ ಮೂಲಕ ನಡೆಯಿತು.

ಹುಡುಗಿಯರನ್ನು ಮಾತ್ರ ನೇರವಾಗಿ ಬೈಯುತ್ತಿದ್ದೆ. ಅವರು ಊರಿನ ಮಕ್ಕಳು, ನನಗಿಂತ ಸಣ್ಣವರು, ತಿರುಗಿ ಮಾತಾಡಿದರೂ ನಗುತ್ತ ಮಾತಾಡುವವರು. ಅತ್ತೆಯರ ಮೇಲಿನ ಸಿಟ್ಟನ್ನೂ ಅವರ ಮೇಲೆಯೇ ತೀರಿಸಿಕೊಂಡೆನೆಂದು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಎಲ್ಲರಿಗಿಂತ ಹಿರಿಯಳು ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಆಯಿ ಅನ್ನುತ್ತಿದ್ದರು, ಅಂದರೆ ಅಜ್ಜಿ. ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ಕೂರುವುದು ಆಕೆಯೊಬ್ಬಳ ಹಕ್ಕು. ಆಕೆ ಬರದ ದಿನವೂ ಆ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಗುಡ್ಡೆಯಿಂದ ಮೊದಲ ಕಾಯಿ ಎತ್ತುವವಳೂ ಆಕೆಯೇ. ಅದನ್ನು ಹಣೆಗೆ ಮುಟ್ಟಿಸಿ ಹೊಸ್ತಿಲ ಬದಿಗೆ ಇಟ್ಟ ಮೇಲೆಯೇ ಉಳಿದವರ ಕೈ ಆಡಬೇಕು. ಮನೆಯಲ್ಲಿ ಗಂಡ ಆಡು ಕಾಯುತ್ತಿದ್ದ, ಮಕ್ಕಳು ಮೊಮ್ಮಕ್ಕಳು ಇದ್ದರು, ಊಟಕ್ಕೆ ಕಡಿಮೆ ಇರಲಿಲ್ಲ. ‘ಮನ್ಯಾಗ ಕುಂತ್ರ ಎಲ್ಲಾರೂ ನನಗ ಮಲಕೋ ಮಲಕೋ ಅಂತಾರ. ಇಲ್ಲಿ ಯಾರೂ ಹಂಗ ಅನ್ನೂದಿಲ್ಲ’ ಅನ್ನುತ್ತಿದ್ದಳು.

ಆಯಿಯ ಬಲಕ್ಕೆ ಕೂರುತ್ತಿದ್ದುದು ಇಂಡಿಯ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ. ರಜೆಯಲ್ಲಿ ಮಾತ್ರ ಬರುತ್ತಿದ್ದಳು. ಸೊಂಟದಲ್ಲಿ ಗುಂಡಿ ಒತ್ತುವ ಸಣ್ಣ ಮೊಬೈಲು, ಬಾಯಲ್ಲಿ ಯಾವಾಗಲೂ ಹಾಡು. ಆದರೆ ಆ ಬೇಸಿಗೆ ಆಕೆಯ ಬುಟ್ಟಿ ತುಂಬುವುದೇ ಇಲ್ಲ. ಎಲ್ಲರೂ ನಾಲ್ಕು ಬುಟ್ಟಿ ಮುಗಿಸುವ ಹೊತ್ತಿಗೆ ಆಕೆಯದು ಎರಡು. ನನಗೆ ಮೊಬೈಲಿನ ಮೇಲೆ ಅನುಮಾನ. ಒಂದು ದಿನ ಎಲ್ಲರೆದುರು ಹಿಡಿದುಕೊಂಡೆ.

‘ಕೈ ಅಲ್ಲಿ, ಧ್ಯಾನ ಎಲ್ಲಿ? ಕಾಲೇಜ್ ಕಲತ್ರ ಕೈಯಾಗಿನ ಶಕ್ತಿ ಹೋಗ್ತೈತೇನ? ಆ ಮುದುಕೀನ ನೋಡು, ನಿನಗಿಂತ ಚಲೋ ಮಾಡಾಕತ್ತಾಳ!’

ಹುಡುಗಿ ತಲೆ ಬಗ್ಗಿಸಿ, ‘ಹೌದ್ರಿ ಅಕ್ಕಾರ’ ಅಂದಳು. ಕಣ್ಣಲ್ಲಿ ನೀರು. ಆಯಿ ಕೈಯಲ್ಲಿದ್ದ ಕಾಯಿಯನ್ನು ಹಾಗೆಯೇ ಹಿಡಿದು ಕೂತಿದ್ದಳು. ನನ್ನ ಬೈಗುಳ ಕೆಲಸ ಮಾಡಿತು ಅಂದುಕೊಂಡು ನಾನು ಹೆಮ್ಮೆಯಿಂದ ಚೀಲದ ಕಡೆ ನಡೆದೆ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನ್ನ ವಾರಿಗೆಯ ಗೆಳತಿ ಪಕ್ಕಕ್ಕೆ ಕರೆದಳು. ಮುದ್ದೇಬಿಹಾಳದಿಂದ ಇಲ್ಲಿಯ ಮುಸ್ಲಿಂ ಮನೆತನಕ್ಕೆ ಮದುವೆಯಾಗಿ ಬಂದವಳು ಆಕೆ. ಇಬ್ಬರೂ ಹೊರಗಿನಿಂದ ಬಂದ ಸೊಸೆಯಂದಿರು ಅಂತ ನಮ್ಮ ಗೆಳೆತನ.

‘ನಿನಗೇನ ಕಣ್ಣಿಲ್ಲೇನ?’ ಅಂದಳು. ‘ಆಯೀಗಿ ಕಣ್ಣು ಕಾಣವಲ್ವು. ಆರು ತಿಂಗಳಾತು. ಚುಕ್ಕಿ ಬಿದ್ದದ್ದು, ಹಣ್ಣಾದದ್ದು ಎಲ್ಲಾ ಒಂದ ಬುಟ್ಟೀಗಿ ಹಾಕ್ತಾಳ. ಆ ಹುಡುಗಿ ಆಕೀ ಬುಟ್ಟಿ ಸುಮ್ಮ ಹಿಂದ ಸರಿಸಿ ಮತ್ತ ಆರಸ್ತೈತಿ. ರಜಾ ಇಲ್ಲದಾಗ ನಾವೆಲ್ಲಾ ಪಾಳಿ ಹಚ್ಚಿ ಆರಸ್ತೀವಿ. ಇಬ್ಬರ ಕೆಲಸ ಮಾಡೂ ಹುಡುಗೀಗಿ ಬೈದಿ ನೀ.’

ಇಪ್ಪತ್ತು ಜನರನ್ನು ನೋಡಿಕೊಳ್ಳುವವಳು ನಾನು. ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ‘ನನಗ ಯಾಕ ಹೇಳಲಿಲ್ಲ?’ ಅಂದೆ. ‘ಹೇಳಿದ್ರ ನೀ ಮುಕಾದಮಳಾಗಿ ಏನರ ಮಾಡಬೇಕಾಗ್ತಿತ್ತಲ್ಲ’ ಅಂದಳು.

ಆಕೆ ಹೇಳಿದ್ದು ನಿಜವಾಯಿತು. ಅದೇ ವಾರ ಹೈದರಾಬಾದಿಗೆ ಹೋದ ಮಾಲಿನಲ್ಲಿ ಕೊಳೆತ ಕಾಯಿ ಸಿಕ್ಕಿತೆಂದು ಫೋನು ಬಂತು. ಸಾವಕಾರರು ಶೆಡ್ಡಿಗೆ ಬಂದು, ‘ಕಣ್ಣು ಕಾಣದವರು ಯಾರ ಅದಾರ ನೋಡಿ ಮನೀಗಿ ಕಳಸವಾ. ಸಂತೀ ದಿನದೊಳಗ ಆಗಬೇಕು’ ಅಂದರು. ಸಂತೆಗೆ ನಾಲ್ಕು ದಿನ ಉಳಿದಿತ್ತು. ಆಯಿಯನ್ನು ಉಳಿಸಿಕೊಂಡರೆ ಮಾಲು ಕೆಡುತ್ತದೆ, ಆ ಹುಡುಗಿ ಬೆನ್ನು ಮುರಿದುಕೊಳ್ಳುತ್ತಾಳೆ. ಕಳಿಸಿದರೆ ಆಯಿ ಮನೆಯಲ್ಲಿ ‘ಮಲಕೋ’ ಅನ್ನುವವರ ನಡುವೆ ಮಲಗಿಯೇ ಬಿಡುತ್ತಾಳೆ. ಇದನ್ನು ಬುಟ್ಟಿಗೆ ಹೇಳಿ ಪಾರಾಗುವಂತಿರಲಿಲ್ಲ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಆಗ ಅದು ಭಾರಿ ಜಾಣತನ ಅನ್ನಿಸಿತ್ತು. ಆಯಿಗೆ ಎಲ್ಲರೂ ಸೇರಿ ಸೀರೆ ಕೊಟ್ಟು ಉಡಿ ತುಂಬಿ ಕಳಿಸಿಬಿಡುವುದು. ಮರ್ಯಾದೆಗೆ ಮರ್ಯಾದೆಯೂ ಆಯಿತು, ‘ಇನ್ನು ಬರಬ್ಯಾಡ್ರಿ’ ಅನ್ನುವ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವ ಹಾಗೂ ಇಲ್ಲ. ಗೆಳತಿಯೇ ಹಸಿರು ಇಳಕಲ್ಲ ಸೀರೆ ತಂದಳು. ನಾನು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಕಟ್ಟಿಕೊಂಡು ಹೋದೆ.

ಸಂತೆಯ ಹಿಂದಿನ ದಿನ, ಕೆಲಸ ಮುಗಿದ ಮೇಲೆ ಆಯಿಯನ್ನು ಕಂಬದ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ಹಣೆಗೆ ಕುಂಕುಮ ಹಚ್ಚಿದಾಗ ಕಣ್ಣು ಮುಚ್ಚಿದಳು. ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು. ನಾನು ಐದು ಸಲ ಅಕ್ಕಿ ಹಾಕಿದೆ. ನಾನು ಬೈದಿದ್ದ ಆ ಹುಡುಗಿ ಓಡಿಹೋಗಿ ಗುಡ್ಡೆಯಿಂದ ಒಂದು ಒಳ್ಳೆಯ ಕಾಯಿ ಆರಿಸಿ ತಂದು ಉಡಿಯಲ್ಲಿಟ್ಟಳು. ಆಯಿ ಉಡಿಯನ್ನು ಎದೆಗೆ ಅವಚಿಕೊಂಡು ಎದ್ದಳು. ಟಂಟಂ ಹೊರಟಾಗ ನಾನು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಇಂಥ ಮುಕಾದಮಿಕೆ ಯಾರಿಗೆ ಬೇಕಾಗಿತ್ತು ಅಂತ ಸಾವಕಾರರಿಗೂ ಶಾಪ ಹಾಕಿದೆ.

ಮರುದಿನ ಮುಂಜಾನೆ ಟಂಟಂ ಬಂತು. ಅದರಿಂದ ಎಲ್ಲರಿಗಿಂತ ಮೊದಲು ಇಳಿದವಳು ಆಯಿ. ಹಸಿರು ಇಳಕಲ್ಲ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಸೀದಾ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂತು, ಮೊದಲ ಕಾಯಿ ಎತ್ತಿ ಹಣೆಗೆ ಮುಟ್ಟಿಸಿದಳು.

ನಾನು ಹತ್ತಿರ ಹೋದೆ. ಬುಟ್ಟಿಯ ಕಡೆ ನೋಡದೆ ಮೊದಲ ಸಲ ಆಕೆಯ ಮುಖ ನೋಡಿಯೇ ಮಾತಾಡಿದೆ. ‘ಆಯಿ, ನಿನ್ನೆ ಉಡಿ ತುಂಬಿದ್ವಲ್ರಿ...’

‘ಹೌದವ್ವ, ತುಂಬಿದ್ರಿ. ಸಿಂದಗ್ಯಾಗ ನನ್ನ ತವರುಮನಿ ಇತ್ತು. ಅಣ್ಣಗೋಳು ಹೋದ್ರು, ಮನಿ ಬಾಗಲಾನೂ ಹಾಕ್ತು. ಮೂವತ್ತ ವರ್ಷ ಆತು, ನನಗ ಯಾರೂ ಉಡಿ ತುಂಬಿದ್ದಿಲ್ಲ. ತವರ ಹೋದಮ್ಯಾಲ ಉಡೀನೂ ಹೋಗ್ಲಿ ಅಂತ ಬಿಟ್ಟಿದ್ನಿ. ನಿನ್ನೆ ನೀವು ತುಂಬಿದ್ರಿ.’ ಸೀರೆಯ ಸೆರಗನ್ನು ಸವರಿಕೊಂಡಳು. ‘ಉಡಿ ತುಂಬಿಸ್ಕೊಂಡ ಮಗಳು ತವರಿಗಿ ಮತ್ತ ಬರಬಾರದೇನವ್ವ?’

ನನ್ನ ಬಾಯಿ ಎರಡನೆಯ ಸಲ ಕಟ್ಟಿಹೋಯಿತು. ಉಡಿ ತುಂಬಿ ಕಳಿಸುವುದು ಇನ್ನು ಬರಬೇಡ ಅನ್ನುವುದಕ್ಕಲ್ಲ, ಮತ್ತೆ ಬಾ ಅನ್ನುವುದಕ್ಕೆ. ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಪ್ರತಿ ವರ್ಷ ಮಸೂತಿಯಿಂದ ಉಡಿ ತುಂಬಿಸಿಕೊಂಡು ಬರುವವಳು ನಾನು, ನನಗೇ ಅದು ಮರೆತುಹೋಗಿತ್ತು. ನಾನು ಸೊಸೆಯಾಗಿ ಯಾರಿಗೆ ಹೆದರಿ ನಡೆದಿದ್ದೆನೋ, ಆಕೆ ಒಂದೇ ಮಾತಿನಲ್ಲಿ ಆ ಶೆಡ್ಡಿನ ಮಗಳಾಗಿಬಿಟ್ಟಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು.

ಆಮೇಲೆ ಆಯಿಯೇ ದನಿ ಇಳಿಸಿ, ‘ಕಣ್ಣು ಹೋಗ್ಯಾವ ಅಂತ ನನಗ ಗೊತ್ತಿಲ್ಲೇನ? ಕೈ ಹೋಗಿಲ್ಲ. ಕೈಗಿ ಕೆಲಸ ಕೊಡ’ ಅಂದಳು. ಒಂದು ಕಾಯಿಯನ್ನು ಅಂಗೈಯಲ್ಲಿ ತೂಗಿ, ‘ಇದರಾಗ ರಸ ಇಲ್ಲ, ತೊಗಲ ದಪ್ಪ’ ಅಂದಳು. ಕತ್ತರಿಸಿ ನೋಡಿದೆವು. ಒಣಗಿದ ಕಾಯಿ. ಇನ್ನೊಂದು, ಮತ್ತೊಂದು. ಹತ್ತರಲ್ಲಿ ಒಂದೂ ತಪ್ಪಲಿಲ್ಲ. ಆವತ್ತಿನಿಂದ ಆಯಿ ಮತ್ತು ಆ ಹುಡುಗಿ ಎದುರುಬದುರು ಕೂತರು. ಬಣ್ಣ, ಚುಕ್ಕೆ ನೋಡುವುದು ಹುಡುಗಿ, ರಜೆ ಇಲ್ಲದಾಗ ನಮ್ಮಲ್ಲೊಬ್ಬಳು, ತೂಗಿ ರಸ ಹೇಳುವುದು ಆಯಿ. ಇಬ್ಬರ ಜಗಳ ಮಾತ್ರ ದಿನವೂ ಇತ್ತು. ಮೊಬೈಲಿನ ಹಾಡು ಬಂದಾಗಲೆಲ್ಲ ಆಯಿ ಬೈಯುತ್ತಿದ್ದಳು, ಹಾಡು ನಿಂತರೆ ‘ಯಾಕ ನಿಂತ್ತು?’ ಅಂತ ಮತ್ತೆ ಬೈಯುತ್ತಿದ್ದಳು. ಸಾವಕಾರರಿಗೆ ನಾನೇ ಹೋಗಿ, ‘ಕಳಸೂದಿಲ್ರಿ. ಕೆಲಸ ಬದಲಿ ಮಾಡೀನಿ. ಮಾಲು ಕೆಟ್ರ ನನ್ನ ಕೇಳ್ರಿ’ ಅಂದೆ. ಗಂಡಸಿನ ಮುಖ ನೋಡಿ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಆಗಲೇ ಮೊದಲು. ಆ ಹುಡುಗಿಗೂ ಎಲ್ಲರೆದುರೇ ‘ನಂದ ತಪ್ಪಾತವ್ವ’ ಅಂದೆ. ಎಲ್ಲರೆದುರು ಬೈದ ಮೇಲೆ ಅದನ್ನೂ ಎಲ್ಲರೆದುರೇ ಹೇಳಬೇಕಿತ್ತು.

ಆಯಿ ಇನ್ನೂ ನಾಲ್ಕು ಬೇಸಿಗೆ ಬಂದಳು. ಐದನೆಯದಕ್ಕೆ ಇರಲಿಲ್ಲ. ಮಣ್ಣಿಗೆ ಕೊಡುವಾಗ ಅದೇ ಹಸಿರು ಸೀರೆ ಉಡಿಸಿದ್ದರು. ಆಕೆಯೇ ಕೇಳಿಕೊಂಡಿದ್ದಳಂತೆ. ಮರುದಿನ ಶೆಡ್ಡಿನಲ್ಲಿ ಮೊದಲ ಕಾಯಿ ಯಾರು ಎತ್ತಬೇಕೆಂದು ತಿಳಿಯದೆ ನಾವು ‘ನೀ ಎತ್ತ, ನೀ ಎತ್ತ’ ಅಂತ ಒಬ್ಬರಿಗೊಬ್ಬರು ಹೇಳುತ್ತ ಕೂತೆವು.

ಈಗ ಶೆಡ್ಡಿಗೆ ಯಂತ್ರ ಬಂದಿದೆ. ತಿರುಗುವ ಡ್ರಮ್ಮಿನ ತೂತುಗಳಿಂದ ದೊಡ್ಡದು ಸಣ್ಣದು ತಾನೇ ಬೇರೆಯಾಗುತ್ತದೆ. ಬಣ್ಣ, ಚುಕ್ಕೆ ನೋಡುವುದಕ್ಕೆ ಮಾತ್ರ ಇನ್ನೂ ಮನುಷ್ಯರೇ ಬೇಕು. ಮೊಣಕಾಲು ನೋವು ಹೆಚ್ಚಾದ ಮೇಲೆ ಎರಡು ವರ್ಷದ ಹಿಂದೆ ನಾನೇ ಉಸ್ತುವಾರಿ ಬಿಟ್ಟುಕೊಟ್ಟೆ. ಕೊಟ್ಟದ್ದು ಅದೇ ಹುಡುಗಿಗೆ. ಡಿಗ್ರಿ ಮುಗಿಸಿ, ಮದುವೆಯಾಗಿ, ಎರಡು ಮಕ್ಕಳ ತಾಯಿಯಾಗಿದ್ದಾಳೆ. ಓದಲು ಬಾರದ ಹಿರಿಯರಿಗೆ ದಿನಾ ಮುಂಜಾನೆ ವಾಟ್ಸಾಪಿನಲ್ಲಿ ಮಾತಾಡಿ ಕೆಲಸ ಹೇಳುತ್ತಾಳೆ. ಅತ್ತೆಯಾಗಲಿ ಸೊಸೆಯಾಗಲಿ, ಬುಟ್ಟಿಯ ಕಡೆ ನೋಡದೆ ನೇರವಾಗಿ ಹೇಳುತ್ತಾಳೆ. ನಾನು ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಆ ಜಾಗದಲ್ಲಿ ನನ್ನನ್ನು ಯಾವತ್ತು, ಯಾರು ಕೂರಿಸಿದರೋ ನೆನಪಿಲ್ಲ.

ಮೊನ್ನೆ ನೀರು ಕುಡಿಯಲು ಎದ್ದವಳು ಸುಮ್ಮನೆ ಹಿಂದಿರುಗಿ ನೋಡಿದೆ. ಪಕ್ಕದಲ್ಲಿ ಕೂತ ಹೊಸ ಹುಡುಗಿ ನನ್ನ ಬುಟ್ಟಿಯನ್ನು ಹಿಂದಕ್ಕೆ ಸರಿಸಿ ಗಡಿಬಿಡಿಯಿಂದ ಕಾಯಿ ಹೆಕ್ಕುತ್ತಿದ್ದಳು. ಆಚೆ ಬದಿಯವರು ನನ್ನ ಕಡೆ ನೋಡಿ ಕಣ್ಣು ತಪ್ಪಿಸಿದರು. ಚೊಂಬು ಹಿಡಿದು ಅಲ್ಲೇ ನಿಂತೆ. ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಆಮೇಲೆ ಸೀದಾ ಈಗಿನ ಮುಕಾದಮಳ ಮುಂದೆ ಹೋಗಿ ನಿಂತೆ, ಆವತ್ತು ನಾನು ಬೈದಿದ್ದವಳ ಮುಂದೆ.

‘ನನ್ನ ಕಣ್ಣು ಮಂದ ಆಗ್ಯಾವ’ ಅಂದೆ.

‘ಗೊತ್ತೈತ್ರಿ ಅಕ್ಕಾರ. ಮೂರು ತಿಂಗಳಾತು.’

‘ಮತ್ತ ಹೇಳಬಾರದೇನ?’

‘ನೀವ ಬಂದು ಹೇಳ್ತೀರಿ ಅಂತ ಕಾಯಾಕತ್ತಿದ್ನಿ.’

‘ಉಡಿ ತುಂಬಿ ಕಳಸ್ತೀಯೇನ?’ ಅಂದೆ. ನಗುತ್ತ ಅನ್ನಬೇಕೆಂದಿದ್ದೆ, ನಗು ಬರಲಿಲ್ಲ.

ಆಕೆ ಬುಟ್ಟಿಯಿಂದ ಒಂದು ಕಾಯಿ ಎತ್ತಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ‘ತುಂಬಿದ್ರ ನೀವೇನ ಮನ್ಯಾಗ ಕೂಡವರೇನ್ರಿ? ನಾಳೆ ಮುಂಜಾನಿ ಅದ ಸೀರಿ ಉಟ್ಕೊಂಡು ಬರ್ತೀರಿ. ಇದನ್ನ ತೂಗಿ ಹೇಳ್ರಿ ಮೊದಲ, ರಸ ಐತೋ ಇಲ್ಲೋ?’