ಹೊಟ್ಟೆ ಉಬ್ಬಿದ ಆಡು

ನಾನು ದನದ ಡಾಕ್ಟರು, ಹನೂರು ಕಡೆ ಕೆಲಸ. ಅವತ್ತು ರಾಮಾಪುರದ ಹತ್ತಿರ ಕುರಿಗಳಿಗೆ ಲಸಿಕೆ ಹಾಕಿ ಹೊರಟಿದ್ದೆ. ಪುಟ್ಟಮ್ಮ ಎಂಬ ಹೆಂಗಸು ಓಡಿಬಂದು ಬೈಕಿಗೆ ಅಡ್ಡ ನಿಂತರು.

“ಸಾ, ನಮ್ಮ ಆಡು ಉಸ್ರೇ ಎತ್ತಂಗಿಲ್ಲ! ಒಟ್ಟೆ ಬ್ಯಾರೆ ಉಬ್ಕಂಡದೆ!”

ಹೊಟ್ಟೆ ಉಬ್ಬರ ಬಂದ ಆಡು ಗಳಿಗೆಯಲ್ಲಿ ಸಾಯುತ್ತದೆ. ಔಷಧಿ ಬಾಟಲಿ ಹಿಡಿದು ಅವರ ಹಿಂದೆ ಓಡುತ್ತಲೇ ವಯಸ್ಸೆಷ್ಟು ಎಂದು ಕೇಳಿದೆ.

“ಮೂರೇ ತಿಂಗ್ಳು ಸಾ. ಅಳೇದು ಅತ್ತು ವರ್ಸ ಬಾಳ್ತು. ಮುಸುರೆ ಬಾನಿಗೆ ಬಿದ್ರೂ, ಒರೆಸಿ ಬಿಸ್ಲಿಗಿಟ್ರೆ ತಿರ್ಗಾ ಶುರು ಮಾಡ್ಕತಿತ್ತು.”

ಆಡನ್ನು ಒರೆಸಿ ಬಿಸಿಲಿಗಿಡುವುದೇ? ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಮ್ಮ ಒಳಗಿಂದ ತಂದು ಅಂಗೈಗಿಟ್ಟದ್ದು ಬ್ಯಾಟರಿ ಊದಿಕೊಂಡ ಹಾಡಿನ ಪ್ಲೇಯರು. ನಮ್ಮ ಕಡೆಯ ನಾಲಿಗೆಯಲ್ಲಿ ಹಾಡೂ ಆಡೇ, ಹಾಡಿನ ಡಬ್ಬಿಯೂ ಆಡೇ ಎಂಬುದು ಆಗ ನೆನಪಾಯಿತು.

“ನಾನು ದನದ ಡಾಕ್ಟ್ರು ಕಣಮ್ಮ!” ಎಂದು ರೇಗಿದೆ.

“ಗೊತ್ತು ಸಾ. ಓದ್ಸಲ ನೀವೂ ಇಂಥದಕ್ಕೇ ವೈರು ಸಿಗ್ಸಿ ಕಿವಿಗಾಕ್ಕಂಡು ಬಂದಿದ್ರಲ್ಲ, ಏನಾರ ಮದ್ದು ಗೊತ್ತಿರ್ಬೋದು ಅಂತ.”

ನನ್ನ ಸಿಟ್ಟು ನೆಟ್ಟಗೆ ಆ ಡಬ್ಬಿಯ ಮೇಲೆ ತಿರುಗಿತು. ಚೀಲದಿಂದ ನನ್ನದನ್ನೂ ತೆಗೆದು ತೋರಿಸಿದೆ. ಕೊಂಡ ಎರಡೇ ತಿಂಗಳಿಗೆ ಅದು ಕೆಟ್ಟಿತ್ತು. ಕೊಳ್ಳೇಗಾಲದ ರಿಪೇರಿಯವನು “ಇದ್ನ ಬಿಚ್ಚಕ್ಕಾಗಲ್ಲ ಸಾ, ಗಮ್ ಆಕಿ ಅಂಟಿಸವ್ರೆ” ಎಂದು ವಾಪಸು ಕೊಟ್ಟಿದ್ದ.

ಪುಟ್ಟಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಲೊಚಗುಟ್ಟಿದರು. “ಅಯ್ಯೋ, ಡಾಕ್ಟ್ರ ತಾವ ಇದ್ದ ಆಡೇ ಸತ್ತೋಗ್ಬುಟ್ಟದಲ್ಲ!”

ಈಗ ಯಾರೇ ಬಂದು ಆಡಿಗೆ ಹುಷಾರಿಲ್ಲ ಎಂದರೂ ಮೊದಲು ಕೇಳುತ್ತೇನೆ: ಸೊಪ್ಪು ತಿನ್ನೋದಾ, ಕರೆಂಟು ತಿನ್ನೋದಾ?